ಸೋಲು ಅಂದರೂ ಸೋಲದ ಬರ್ನಡೆಟ್

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಈರಿ ಸರೋವರದ ಮೇಲಿಂದ ಬೀಸುವ ಗಾಳಿಗೆ ಅಮೆರಿಕದ ಲೋರೇನ್ ಊರಿನ ಶಾಲಾ ಬಸ್ಸುಗಳ ಅಂಗಳ ಮರಗಟ್ಟಿದೆ. ಬರ್ನಡೆಟ್ ಸೊಬೊಲ್ ತಮ್ಮ ಹಳದಿ ಬಸ್ಸಿನ ಗಾಜಿಗೆ ಹಿಡಿದ ಮಂಜನ್ನು ಎಡಗೈಯಲ್ಲಿ ಕೆರೆಯುತ್ತಿದ್ದಾರೆ. ಬಲಗೈ ಭುಜಕ್ಕಿಂತ ಮೇಲೆ ಏಳುವುದಿಲ್ಲ. ಪಕ್ಕದ ಬಸ್ಸಿನ ಚಾಲಕ ಡ್ವೇನ್ ಕಾಫಿ ಹೀರುತ್ತ ಛೇಡಿಸುತ್ತಾನೆ.

"ಬರ್ನೀ, ಎಪ್ಪತ್ತು ದಾಟ್ತಲ್ಲ. ಮನೇಲಿ ಬೆಚ್ಚಗೆ ಮಲಗೋದು ಬಿಟ್ಟು ಇದೆಲ್ಲ ಯಾಕೆ ನಿಂಗೆ?"

"ನಿನ್ನ ನಂಬ್ಕೊಂಡ್ರೆ ಮಕ್ಕಳು ಮಧ್ಯಾಹ್ನಕ್ಕೆ ಸ್ಕೂಲು ಸೇರ್ತಾರೆ. ಅದಕ್ಕೇ ಬರ್ತೀನಿ."

ಆ ಭುಜ ಹಾಳಾದದ್ದು ಸ್ಟೀರಿಂಗ್ ತಿರುಗಿಸಿ ಅಲ್ಲ, ಚೆಂಡು ಎಸೆದು. ಎಪ್ಪತ್ತರ ದಶಕದಲ್ಲಿ 'ಲೋರೇನ್ ಸ್ಪಾರ್ಕ್ಸ್' ಎಂಬ ಹೆಂಗಸರ ತಂಡ ಆಡುತ್ತಿದ್ದದ್ದು ಚೆಂಡನ್ನು ಕೈಯಲ್ಲಿ ಎಸೆಯುವ ಅಮೆರಿಕನ್ ಫುಟ್‌ಬಾಲ್; ಅದಕ್ಕೆ ಬರ್ನಡೆಟ್ ಕ್ವಾರ್ಟರ್‌ಬ್ಯಾಕ್. ಯಾರು ಎತ್ತ ಓಡಬೇಕು, ಚೆಂಡು ಯಾರ ಕೈ ಸೇರಬೇಕು ಎಂದು ಹೇಳುವವರು ಅವರು. ಹಾಗಾಗಿ ಎದುರಾಳಿಗಳೆಲ್ಲ ಮೊದಲು ಕೆಡವಲು ನುಗ್ಗುತ್ತಿದ್ದುದೂ ಅವರ ಮೇಲೆಯೇ.

ಅಪ್ಪ ಉಕ್ಕಿನ ಕುಲುಮೆಯ ಕಾರ್ಮಿಕ. ಬರ್ನಡೆಟ್ ಹಗಲೆಲ್ಲ ಟೆಲಿಫೋನ್ ಕಚೇರಿಯಲ್ಲಿ ದುಡಿದು, ಸಂಜೆ ರೈಲು ಹಳಿಯ ಪಕ್ಕದ ಬಯಲಲ್ಲಿ ಅಭ್ಯಾಸ ಮಾಡುತ್ತಿದ್ದರು. ಅಡುಗೆಮನೆಯಲ್ಲಿ ಪಿಯರೋಗಿ ಕಡುಬು ಮಡಿಚುತ್ತಿದ್ದ ಅಮ್ಮನದು ಒಂದೇ ಗೊಣಗು: "ಮೂಗು ಮುರ್ಕೊಂಡು ಬಂದ್ರೆ ಚರ್ಚಲ್ಲಿ ಯಾರ ಪಕ್ಕ ಕೂರಿಸ್ಲಿ ನಿನ್ನ?" ಮೂಗು ಎರಡು ಸಲ ಮುರಿಯಿತು. "ಅಮ್ಮನ ಪಕ್ಕಾನೇ ಕೂತೆ" ಎನ್ನುತ್ತಾರೆ ಬರ್ನಡೆಟ್.

ತಂಡ ಕಟ್ಟಿದವನು ಟೈರು ವ್ಯಾಪಾರಿ ವರ್ನ್ ಕ್ಯಾಲಹನ್. ಅವನಿಗೆ ಬೇಕಿದ್ದದ್ದು ಆಟವಲ್ಲ, ತಮಾಷೆ. ಹೆಂಗಸರು ಕೆಸರಲ್ಲಿ ಬಿದ್ದೆದ್ದರೆ ಜನ ನಗುತ್ತಾರೆ, ಟೈರು ಖರ್ಚಾಗುತ್ತದೆ ಎಂಬ ಲೆಕ್ಕಾಚಾರ. ಹೆಂಗಸರು ಮಾತ್ರ ನಿಜವಾಗಿ ಆಡತೊಡಗಿದರು, ಗೆಲ್ಲತೊಡಗಿದರು. ಮೂರನೆಯ ವರ್ಷ ಕ್ಯಾಲಹನ್ ಊರಿನ ಗಂಡಸರ ತಂಡವೊಂದರ ಜೊತೆ ಪಂದ್ಯ ಗೊತ್ತುಮಾಡಿದ. ಅರ್ಧ ಆಟ ಮುಗಿದಾಗ ಸ್ಪಾರ್ಕ್ಸ್ ಮುಂದಿತ್ತು. ಅವನು ಹೆಂಗಸರ ತಂಡದ ಕೋಣೆಗೆ ಬಂದು ಬಾಗಿಲು ಹಾಕಿದ.

"ಚೆನ್ನಾಗಿ ಆಡಿದ್ರಿ ಹುಡುಗೀರಾ. ಇನ್ನು ಸಾಕು. ಗಂಡಸ್ರು ಸೋತು ಮನೆಗೆ ಹೋದ್ರೆ ಚೆನ್ನಾಗಿರಲ್ಲ, ಸ್ವಲ್ಪ ಬಿಟ್ಟುಕೊಡಿ."

ಚೆಂಡು ಹಿಡಿಯುವ 'ರಿಸೀವರ್'ಗಳಲ್ಲಿ ತಂಡಕ್ಕೇ ಮೊದಲಿಗಳಾದ ಇಮೋಜೀನ್ ಟಕರ್ ಬೂಟಿನ ದಾರ ಕಟ್ಟುತ್ತ ಬರ್ನಡೆಟ್ ಮುಖ ನೋಡಿದಳು.

"ಸೋಲೋ ಹಾಗಿದ್ರೆ ನಾವೇ ಸೋಲ್ತೀವಿ, ವರ್ನ್. ಅದಕ್ಕೆ ನಿನ್ನ ಅಪ್ಪಣೆ ಬೇಡ" ಎಂದರು ಬರ್ನಡೆಟ್.

"ಆ ಅಂಗಿ ನಂದು ಅನ್ನೋದು ನೆನಪಿರ್ಲಿ."

"ಆಟ ಮುಗಿಲಿ, ಒಗೆದು ಕೊಡ್ತೀನಿ."

ಮತ್ತೆ ಮೈದಾನಕ್ಕಿಳಿದವರು ಗೆದ್ದೇ ಹೊರಬಂದರು. ಮಾರನೆಯ ದಿನ ಕ್ಯಾಲಹನ್ ಅಂಗಿ, ಶಿರಸ್ತ್ರಾಣ ಎಲ್ಲ ಕಿತ್ತುಕೊಂಡು ಗೋದಾಮಿಗೆ ಬೀಗ ಜಡಿದ. ಹೆಂಗಸರು ಅಣ್ಣತಮ್ಮಂದಿರ ಹಳೆಯ ಅಂಗಿಗಳ ಮೇಲೆ ಗೋಡೆಯ ಬಣ್ಣದಲ್ಲಿ ಸಂಖ್ಯೆ ಬರೆದುಕೊಂಡರು, ಶಿರಸ್ತ್ರಾಣ ಸಾಲ ತಂದರು, ಇನ್ನೂ ನಾಲ್ಕು ವರ್ಷ ಆಡಿದರು. ಬರ್ನಡೆಟ್ ಭುಜ ಹರಿದ ವರ್ಷ ತಂಡವೂ ಚದುರಿತು. ಅಂದಿನಿಂದ ಬಸ್ಸು. ಅದರಲ್ಲಿ ಕೂತು ಬೆಳೆದವರ ಮಕ್ಕಳು ಈಗ ಅದೇ ಸೀಟುಗಳಲ್ಲಿದ್ದಾರೆ. ಓಡಿಸುವಾಕೆ ಒಂದು ಕಾಲಕ್ಕೆ ಏನಾಗಿದ್ದರೆಂದು ಅವರಿಗೆ ಗೊತ್ತಿಲ್ಲ.

ಈ ಶರತ್ಕಾಲದಲ್ಲಿ ಊರಿನ ಹಳೆಯ ಆಟಗಾರರಿಗೆ ಸನ್ಮಾನ ಎಂದಾಯಿತು. ಸಮಿತಿಯವರು ಬರ್ನಡೆಟ್ ಮನೆಗೂ ಬಂದರು. ಗುಲಾಬಿ ಟೋಪಿ ಹಾಕಿಕೊಂಡು, ಆಟಗಾರರನ್ನು ಹುರಿದುಂಬಿಸುವ ಹುಡುಗಿಯರ ಜೊತೆ ಮೆರವಣಿಗೆಯ ಗಾಡಿಯಲ್ಲಿ ಕೂತು ಕೈಬೀಸಿದರೆ ಸಾಕಂತೆ.

"ನನ್ನನ್ನ ಗಂಡಸರ ಸಾಲಲ್ಲಿ ನಿಲ್ಲಿಸಿ. 'ಕ್ವಾರ್ಟರ್‌ಬ್ಯಾಕ್' ಅಂತ ಕೂಗಿ ಕರೀರಿ."

"ಸಾಲು ಭರ್ತಿಯಾಗಿದೆ, ಬರ್ನಡೆಟ್."

"ಹಾಗಾದ್ರೆ ನಿಮ್ಮ ಟೋಪಿ ನೀವೇ ಹಾಕ್ಕೊಳ್ಳಿ."

ಅವರು ಹೋದ ಮೇಲೆ ಬರ್ನಡೆಟ್ ಇಮೋಜೀನ್‌ಗೆ ಫೋನು ಮಾಡಿದರು. ಆಕೆ ಉಳಿದವರಿಗೆ ಮಾಡಿದಳು. ಸನ್ಮಾನದ ದಿನ, ಗಂಡಸರು ಮೈದಾನದ ನಡುವೆ ಸಾಲಾಗಿ ನಿಂತಿದ್ದಾಗ, ಬೇಲಿಯ ಗೇಟು ತೆಗೆದು ಬರ್ನಡೆಟ್ ಸೇರಿ ಒಂಬತ್ತು ಮಂದಿ ಮುದುಕಿಯರು ಒಳಗೆ ನಡೆದರು. ಒಬ್ಬರ ಕೈಯಲ್ಲಿ ಊರುಗೋಲು, ಇನ್ನೊಬ್ಬರ ಮೂಗಿಗೆ ಆಮ್ಲಜನಕದ ನಳಿಕೆ. ಸಾಲಿನ ಕೊನೆಗೆ ಹೋಗಿ ನಿಂತರು. ಹೆಸರು ಕೂಗುತ್ತಿದ್ದ ಧ್ವನಿವರ್ಧಕದವನು ತಬ್ಬಿಬ್ಬಾಗಿ ಮೈಕು ಕೆಳಗಿಳಿಸಿದ. ಹುಲ್ಲಿನ ಮೇಲೆ ಬರ್ನಡೆಟ್ ಒಬ್ಬರದೇ ದನಿ: "ಇಮೋಜೀನ್ ಟಕರ್, ರಿಸೀವರ್." ಒಬ್ಬೊಬ್ಬರ ಹೆಸರೂ ಹೀಗೇ ಕೂಗಿ, ಕೊನೆಗೆ ತಮ್ಮದು. ಕೆಲವರು ನಕ್ಕರು. ಪ್ರೇಕ್ಷಕರ ನಡುವೆ ಡ್ವೇನ್ ಎದ್ದು ನಿಂತ. ಅವನ ಸುತ್ತಲಿನವರು ಎದ್ದರು. ಆಮೇಲೆ ಗಂಡಸರ ಸಾಲಿನವನೊಬ್ಬ ಪಕ್ಕಕ್ಕೆ ಸರಿದು, ನಡುವೆ ಬನ್ನಿ ಎಂದು ಜಾಗ ಬಿಟ್ಟ. ಬರ್ನಡೆಟ್ ಹೋಗಲಿಲ್ಲ. "ನಾವು ನಿಂತಿರೋ ಜಾಗ ಚೆನ್ನಾಗಿದೆ" ಎಂದರು.

ಅಷ್ಟು ವರ್ಷಗಳ ಆಟದಲ್ಲಿ ಏನಾದರೂ ಕೊರಗು ಉಳಿದಿದೆಯೇ ಎಂದು ಕೇಳಿದರೆ, ಬರ್ನಡೆಟ್ ಸೀಟಿಗೇರಿ ಬಸ್ಸಿನ ಇಂಜಿನ್ ಚಾಲೂ ಮಾಡುತ್ತಾರೆ.

"ಒಂದಿದೆ. ಆಕ್ರನ್ ಊರಲ್ಲಿ ಆಡ್ದಾಗ ಕೊನೇ ಎಸೆತ. ಎಡಗಡೆ ಇಮೋಜೀನ್ ಒಬ್ಳೇ ಇದ್ಳು, ಸುತ್ತ ಯಾರೂ ಇಲ್ಲ. ನಾನು ಬಲಕ್ಕೆ ಎಸೆದೆ, ಸೋತ್ವಿ. ಇವತ್ತಿಗೂ ಕಣ್ಮುಂದೆ ಬರುತ್ತೆ." ಗೇರು ಹಾಕುತ್ತಾರೆ. "ಆದ್ರೆ ಆ ತಪ್ಪು ನಂದು. ಯಾರೋ ಹೇಳಿಕೊಟ್ಟಿದ್ದಲ್ಲ."