ಇರುವೆ ಓಡಾಡಿದ ಹಾಗೆ

ಹಾಸನದ ಆಸ್ಪತ್ರೆಯ ಫಿಸಿಯೋಥೆರಪಿ ಮೇಡಂ ಮಂಚದ ಬಳಿ ಬಂದರೆ ಮೊದಲು ಅಂಗೈ ಉಜ್ಜಿ ಬಿಸಿ ಮಾಡಿಕೊಳ್ಳುತ್ತಿದ್ದರು. ಕಿಡ್ನಿ ಕಲ್ಲಿನ ಆಪರೇಷನ್ ಆಗಿದ್ದ ನನ್ನ ಅಣ್ಣನ ಗಾಯದ ಎರಡೂ ಬದಿಗೆ ಪಟ್ಟಿ ಅಂಟಿಸಿ, ಪುಟ್ಟ ಕರೆಂಟ್ ಮಿಷಿನ್ನಿನ ಗುಂಡಿ ತಿರುಗಿಸುತ್ತಾ ಕೇಳುತ್ತಿದ್ದರು: "ಇರುವೆ ಓಡಾಡ್ದಂಗೆ ಆಯ್ತದಾ? ಅಷ್ಟಾದ್ರೆ ಸಾಕು, ನೋವು ಕಮ್ಮಿ ಆಯ್ತದೆ."

ಶಾಕ್ ಹೊಡೆದೀತೆಂದು ಪಂಪ್‌ಸೆಟ್ಟಿನ ಸ್ಟಾರ್ಟರನ್ನೂ ಹಿಂಗೈ ತಾಗಿಸಿ ನೋಡಿಯೇ ಮುಟ್ಟುವವರು ನಾವು. ಒಂದು ಮಧ್ಯಾಹ್ನ ಮೇಡಂ ಆಚೆ ಹೋದಾಗ, ಅಣ್ಣನ ಚರ್ಮ ಅದುರುವುದನ್ನು ಕಂಡು ಹೆದರಿ, ಗುಂಡಿಯನ್ನು ಸೊನ್ನೆಗೆ ತಿರುಗಿಸಿಬಿಟ್ಟೆ. ಸ್ವಲ್ಪ ಹೊತ್ತಿಗೆ ಅವನಿಗೆ ನೋವು ಏರಿತು.

"ಆನ್ ಐತೇನ್ಲಾ?" ಎಂದ, ಹಲ್ಲು ಕಚ್ಚಿ.

"ಐತೆ ಕಣಣ್ಣ."

ಮೇಡಂ ಬಂದಾಗ ಅವನೇ ನಾಚಿಕೊಂಡು ಹೇಳಿದ: "ನನ್ ಮೈಗೆ ಇದು ಒಗ್ಗಾಕಿಲ್ಲ ಕಣಮ್ಮ, ತಪ್ಪು ತಿಳೀಬ್ಯಾಡಿ."

ಅವರು ಗುಂಡಿ ನೋಡಿದರು, ನನ್ನನ್ನು ನೋಡಿದರು.

"ನಿಮ್ ಮೈ ಸರಿಯಾಗೈತೆ ಅಣ್ಣಾ. ಮಿಷಿನ್ನೇ ಒಸಿ ಪುಕ್ಕಲು," ಎಂದು ಗುಂಡಿ ತಿರುಗಿಸಿದರು. ಅಣ್ಣನ ಮುಷ್ಟಿ ಮೆಲ್ಲಗೆ ಸಡಿಲವಾಯಿತು.

ನಮ್ಮೂರು ಹಿರೀಸಾವೆಯ ಹೋಟೆಲಿನಲ್ಲಿ ಕೂತು ಅಣ್ಣ ಈಗಲೂ ಆ ಪುಕ್ಕಲು ಮಿಷಿನ್ನಿನ ಕಥೆ ಹೇಳುತ್ತಾನೆ. ಎಲ್ಲರಿಗಿಂತ ಜೋರಾಗಿ ನಾನು ನಗುತ್ತೇನೆ.