ಇಸ್ತ್ರಿ ಮಾಡುವಾಗ ತುಟಿ ಅಲ್ಲಾಡಿಸಬೇಕು

ನಮ್ಮ ಬೀದಿಯ ಇಸ್ತ್ರಿಯಕ್ಕನ ಕೋಣೆಗೆ ಮಧ್ಯಾಹ್ನ ಹೋದರೆ ಎದ್ದು ಬರಲು ಮನಸ್ಸಾಗುವುದಿಲ್ಲ. ಹಗ್ಗದ ತುಂಬ ಬಿಳಿ ಹೊದಿಕೆಗಳು. ಕಿಟಕಿಯ ಬಿಸಿಲು ಅವುಗಳನ್ನು ಹಾಯ್ದು ಹಾಲಿನ ಬಣ್ಣವಾಗಿ ನೆಲಕ್ಕಿಳಿಯುತ್ತದೆ. ನೀರು ಚಿಮುಕಿಸಿದ ಬಟ್ಟೆಯಿಂದ ಆವಿ ಎದ್ದಾಗ ಅಕ್ಕನ ಮುಖ ಒಮ್ಮೆ ಇರುತ್ತದೆ, ಒಮ್ಮೆ ಇರುವುದಿಲ್ಲ. ಒಂದೇ ಅಂಗಿ ಹಿಡಿದು ಹೋಗಿ ಗಂಟೆಗಟ್ಟಲೆ ತೂಕಡಿಸಿ ಬರುವ ಸೋಮಾರಿ ನಾನು.

ಅಕ್ಕ ದೇವರನ್ನು ನಂಬಿದವಳು. ಬಸ್ಸು ಓಡಿಸುವ ಅವಳ ಗಂಡ ನಂಬದವನು. ಮದುವೆಗೆ ಮೊದಲೇ ಮಾತಾಗಿತ್ತು: ಮಗುವಿನ ತಲೆಗೆ ಇಬ್ಬರೂ ಏನನ್ನೂ ತುಂಬಬಾರದು, ದೊಡ್ಡದಾದ ಮೇಲೆ ಅದೇ ಆರಿಸಿಕೊಳ್ಳಲಿ. ಅಕ್ಕ ಮಾತಿಗೆ ಕಟ್ಟುಬಿದ್ದಳು. ಪ್ರಾರ್ಥನೆಯನ್ನು ಕೆಲಸದೊಳಗೆ ಬಚ್ಚಿಟ್ಟಳು. ಕೈ ಇಸ್ತ್ರಿ ಮಾಡುತ್ತಿದ್ದರೆ ತುಟಿ ದನಿಯಿಲ್ಲದೆ ಅಲ್ಲಾಡುತ್ತಿತ್ತು. ಮಕ್ಕಳಿಗೆ ಕಿವಿಯಷ್ಟೇ ಅಲ್ಲ, ಕಣ್ಣೂ ಇದೆ ಎಂಬುದು ಈ ಜಾಣರಿಬ್ಬರಿಗೂ ಹೊಳೆಯಲಿಲ್ಲ.

ಮೊನ್ನೆ ರಜೆಯ ದಿನ ನಾನು ಅಲ್ಲಿದ್ದಾಗ ಗಂಡ ಬಾಗಿಲಲ್ಲಿ ಕೂತು ಬೂಟು ಉಜ್ಜುತ್ತಿದ್ದ. ಏಳು ವರ್ಷದ ಮಗಳು ಮರದ ತುಂಡನ್ನೇ ಇಸ್ತ್ರಿಪೆಟ್ಟಿಗೆ ಮಾಡಿಕೊಂಡು ಗೊಂಬೆಯ ಲಂಗದ ಮೇಲೆ ಆಡಿಸುತ್ತಿದ್ದಳು. ತುಟಿ ಪಿಟಪಿಟ ಅಲ್ಲಾಡುತ್ತಿತ್ತು. ಅವನ ಕೈ ನಿಂತಿತು.

"ಏನ್ ಹೇಳ್ಕೋತಿದ್ದೀಯ ಪುಟ್ಟಿ?"

"ಏನಿಲ್ಲಪ್ಪ. ಇಸ್ತ್ರಿ ಮಾಡೋವಾಗ ತುಟಿ ಅಲ್ಲಾಡಿಸ್ಬೇಕು. ಇಲ್ಲಾಂದ್ರೆ ಸುಕ್ಕು ಹೋಗಲ್ಲ."

ನನಗೆ ನಗು ಉಕ್ಕಿ ಬಂತು. ಅಕ್ಕನ ಮುಖ ನೋಡಿ ನುಂಗಿಕೊಂಡೆ. ಮಾತು ತಪ್ಪಿದವಳೆಂದು ಗಂಡ ತಿಳಿದುಬಿಟ್ಟರೆ ಇಷ್ಟು ವರ್ಷದ ಬಾಳಿಗೆ ಏನು ಬೆಲೆ ಎಂದು ಅವಳಿಗೆ ಹೆದರಿಕೆ. ಪಾಪ, ಬಣ್ಣಗೆಟ್ಟು ನಿಂತಿದ್ದಳು.

"ನಾನು ಒಂದಕ್ಷರ ಹೇಳ್ಕೊಟ್ಟಿಲ್ಲ ರೀ."

"ಗೊತ್ತಾಗ್ತಿದೆ. ಬರೀ ತುಟಿ ಬಂದಿದೆ ಅವಳಿಗೆ." ಅವನು ಬೂಟಿನ ಮೇಲೆ ಇನ್ನೊಮ್ಮೆ ಬಟ್ಟೆ ಎಳೆದ. "ಅಷ್ಟಕ್ಕೂ, ದಿನಾ ಏನ್ ಕೇಳ್ಕೋತೀಯ?"

"ನೀವು ಸುಖವಾಗಿ ಮನೆ ಸೇರ್ಲಿ ಅಂತ. ಇನ್ನೇನ್ ಕೇಳ್ಲಿ."

ಹೊದಿಕೆಗಳು ಗಾಳಿಗೆ ಮೆಲ್ಲಗೆ ಉಬ್ಬಿ ಇಳಿದವು.

"ಯಾರನ್ನ ಕೇಳ್ತೀಯಮ್ಮ?" ಎಂದಳು ಮಗಳು.

ಅಕ್ಕ ಗಂಡನತ್ತ ನೋಡಿದಳು. ಉತ್ತರ ಅವನೇ ಕೊಟ್ಟ, ಮೆತ್ತಗೆ.

"ಅಮ್ಮ ನಂಬೋ ದೇವರನ್ನ. ಅಲ್ಲಿ ಕೇಳಿಸ್ಕೊಳ್ಳೋರು ಯಾರೂ ಇಲ್ಲ ಅಂತ ನಾನು ಅಂದ್ಕೊಂಡಿದ್ದೀನಿ."

ಮಗಳು ಗೊಂಬೆಯ ಲಂಗ ಮಡಿಸುತ್ತ ಯೋಚಿಸಿದಳು.

"ಹಾಗಾದ್ರೆ ಅಮ್ಮ ಗಟ್ಟಿಯಾಗಿ ಹೇಳ್ಲಿ. ನೀನಾದ್ರೂ ಕೇಳಿಸ್ಕೋ."

ಅಕ್ಕ ಅವನ ಕೆಲಸದ ಅಂಗಿಯನ್ನು ಮೇಜಿನ ಮೇಲೆ ಹರಡಿದಳು. ಮದುವೆಯಾದ ಎಂಟು ವರ್ಷದಲ್ಲಿ ಮೊದಲ ಸಲ ಪ್ರಾರ್ಥನೆಗೆ ದನಿ ತೆಗೆದಳು. ಅವನು ಬೂಟು ಪಕ್ಕಕ್ಕಿಟ್ಟು, ಕೊನೆಯ ಗುಂಡಿಯವರೆಗೂ ಕೇಳಿದ.