ಲಗ್ನಪತ್ರಿಕೆಯ ಬೆನ್ನಿಗೆ ಬರೆದ ಪ್ರಶ್ನೆಗಳು

ನಮ್ಮ ಮನೆಗೆ ಬಂದು ಬೀಳುತ್ತಿದ್ದಷ್ಟು ಲಗ್ನಪತ್ರಿಕೆಗಳು ಆಗ ದಾವಣಗೆರೆಯ ಬೇರೆ ಯಾವ ಮನೆಗೂ ಬರುತ್ತಿರಲಿಲ್ಲವೇನೋ. ಅಪ್ಪನದು ಬಟ್ಟೆ ಅಂಗಡಿ. ಒಂದು ಸಲ ಸೀರೆ ಕೊಂಡವರೂ ಮದುವೆಗೆ ಕರೆಯುವವರೇ. ಒಂದಕ್ಕಿಂತ ಒಂದು ದಪ್ಪ ರಟ್ಟು, ಒಂದಕ್ಕಿಂತ ಒಂದಕ್ಕೆ ಹೆಚ್ಚು ಬಂಗಾರದ ಬಣ್ಣ, ಅರ್ಧ ಪುಟದ ತುಂಬ ಮಾವಂದಿರ, ಕಾಕಂದಿರ ಹೆಸರು. ತಮ್ಮ ಹೆಸರು ಬಿಟ್ಟುಹೋದರೆ ಊಟಕ್ಕೇ ಬಾರದಂಥ ಘನಂದಾರಿ ಜನ! ಆ ಆಡಂಬರದಲ್ಲೆಲ್ಲ ನನಗೆ ಉಪಯೋಗಕ್ಕೆ ಬಂದದ್ದು ಖಾಲಿ ಬಿಟ್ಟಿದ್ದ ಹಿಂಬದಿ ಮಾತ್ರ.

ತೊಂಬತ್ತರ ದಶಕದ ಕೊನೆ. ನಾನು ಮತ್ತು ಹರಿಹರದ ನನ್ನ ಗೆಳತಿ ಬ್ಯಾಂಕಿನ ಗುಮಾಸ್ತರ ಪರೀಕ್ಷೆಗೆ ಓದುತ್ತಿದ್ದೆವು. ನನಗೆ ಇನ್ನೂ ನಾಲ್ಕಾರು ಸಲ ಬರೆಯುವಷ್ಟು ವಯಸ್ಸಿತ್ತು. ಅವಳಿಗೆ ಅದೇ ಕೊನೆಯದು. ಮುಂದಿನ ಸಲ ಅರ್ಜಿ ಕರೆಯುವ ಹೊತ್ತಿಗೆ ವಯಸ್ಸಿನ ಮಿತಿ ದಾಟಿಬಿಡುತ್ತಿತ್ತು. ಅವಳಪ್ಪನ ಕಾರ್ಖಾನೆ ಕೆಲಸ ಹೋಗಿತ್ತು, ತಮ್ಮಂದಿರಿಬ್ಬರೂ ಕಾಲೇಜಿನಲ್ಲಿದ್ದರು. ಇವಳು ಟೈಪಿಂಗ್ ಅಂಗಡಿಯಲ್ಲಿ ದಿನವಿಡೀ ಕುಟ್ಟಿ ತಂದದ್ದರಲ್ಲೇ ಮನೆ ನಡೆಯುತ್ತಿತ್ತು. ಆ ಅಂಗಡಿಯೂ ಕಂಪ್ಯೂಟರು ಬಂದ ಮೇಲೆ ಇಂದೋ ನಾಳೆಯೋ ಎನ್ನುವಂತಿತ್ತು.

ಲಗ್ನಪತ್ರಿಕೆಗಳನ್ನು ಅಂಗೈ ಅಗಲಕ್ಕೆ ಕತ್ತರಿಸಿ ನಾವು ಚೀಟಿ ಮಾಡಿಕೊಂಡಿದ್ದೆವು. ಖಾಲಿ ಬದಿಯಲ್ಲಿ ಮೇಲೆ ಪ್ರಶ್ನೆ, ಕೆಳಗೆ ಉತ್ತರ. ಉತ್ತರದ ಮೇಲೆ ಹೆಬ್ಬೆರಳಿಟ್ಟು ಒಬ್ಬಳು ಹಿಡಿಯಬೇಕು, ಇನ್ನೊಬ್ಬಳು ಹೇಳಬೇಕು. ಯಾವುದೋ ದ್ವೀಪದ ರಾಜಧಾನಿ ಗೊತ್ತಿಲ್ಲದಿದ್ದರೆ ಹರಿಹರದಲ್ಲಿ ಕೂತು ನೋಟು ಎಣಿಸಲು ಬರುವುದಿಲ್ಲವಂತೆ! ಅದನ್ನೂ ಬರೆದುಕೊಂಡೆವು. ಚೀಟಿಗಳಿಗೆ ಸ್ವೀಟಿನ ಡಬ್ಬಗಳು ಮೂರು: ಬಾರದವು, ಅರೆಬರೆ, ಬಂದವು. ಇಬ್ಬರಿಗೂ ಬಂದರೆ ಮಾತ್ರ ಚೀಟಿ ಮುಂದಿನ ಡಬ್ಬಕ್ಕೆ. ಬಾರದವುಗಳ ಡಬ್ಬ ಅವಳ ಚೀಲದಲ್ಲಿ ಹರಿಹರಕ್ಕೆ ಹೋಗಿ, ವಾರವೆಲ್ಲ ಟೈಪಿಂಗ್ ಅಂಗಡಿಯಲ್ಲಿ ಬಿಡುವಾದಾಗೆಲ್ಲ ಅವಳ ಕೈಯಲ್ಲಿದ್ದು, ಭಾನುವಾರ ಅವಳ ಜೊತೆಗೇ ಸರಸ್ವತಿ ನಗರದ ನಮ್ಮ ಮನೆಗೆ ಬರುತ್ತಿತ್ತು. ತಿಂಗಳುಗಟ್ಟಲೆ ಒದ್ದಾಡಿ ಆ ಡಬ್ಬವನ್ನು ಅರ್ಧಕ್ಕಿಳಿಸಿದ್ದೆವು.

ಪರೀಕ್ಷೆಗೆ ಮೂರು ವಾರ ಇರುವಾಗ ಒಂದು ಭಾನುವಾರ ಅವಳು ಬಂದಳು. ಡಬ್ಬ ಕೋಣೆಯಲ್ಲಿಟ್ಟು ಇಬ್ಬರೂ ಪೇಟೆಗೆ ಹೋಗಿ ಬಂದೆವು. ಬಂದು ನೋಡಿದರೆ ನಡುಮನೆಯ ಜಮಖಾನದ ಮೇಲೆ ನಮ್ಮತ್ತೆ! ಅಪ್ಪನ ಅಕ್ಕ, ನಮ್ಮಲ್ಲೇ ಇದ್ದವಳು. ಮನೆಯಲ್ಲಿ ಅವಳು ಕೈ ಹಾಕದ ವಿಷಯವಿಲ್ಲ, ಕೈ ಹಾಕಿದ್ದು ಉಳಿದದ್ದಿಲ್ಲ. ಮೂರೂ ಡಬ್ಬ ಖಾಲಿ. ಅವಳ ಸುತ್ತ ಲಗ್ನಪತ್ರಿಕೆಯ ತುಂಡುಗಳು. ಬಣ್ಣ ನೋಡಿ, ಅಂಚು ನೋಡಿ, ಗಂಡಿನ ಹೆಸರಿನ ತುಂಡಿಗೆ ಹೆಣ್ಣಿನ ಹೆಸರಿನ ತುಂಡು ಹುಡುಕಿ, ದಬ್ಬಳದಿಂದ ತೂತು ಮಾಡಿ ಅರಿಶಿನದ ದಾರ ಕಟ್ಟುತ್ತಿದ್ದಳು.

"ಏನ್ ಮಾಡಾಕತ್ತೀ ಅತ್ತೆ?" ಎಂದು ಕಿರುಚಿದೆ.

"ನೀವು ಮಾಡಿದ್ ಪಾಪ ತೊಳಿಯಾಕತ್ತೀನಿ. ಲಗ್ನ ಆದೋರ ಹೆಸರಿಗೆ ಕತ್ರಿ ಹಾಕ್ತಾರೇನ್ರೇ? ಗಂಡ ಒಂದ್ ಡಬ್ಬ್ಯಾಗ, ಹೆಂಡ್ತಿ ಒಂದ್ ಡಬ್ಬ್ಯಾಗ! ಹಿಂಗ್ ಮಾಡಿದ್ರೆ ನಿಮಗಿಬ್ರಿಗೂ ಹೆಂಗೆ ಕೂಡಿ ಬರ್ತತೆ? ಈ ವರ್ಷ ಬಂದ ಎರಡು ವರ ಯಾಕ ವಾಪಸ್ ಹೋದ್ವು ಅಂತ ಈಗ ಗೊತ್ತಾತು ನನಗ."

ಬಂದಿದ್ದ ಎರಡು ವರಗಳಲ್ಲಿ ಒಬ್ಬನಿಗೆ ಸ್ಕೂಟರು ಬೇಕಿತ್ತು, ಇನ್ನೊಬ್ಬನಿಗೆ ನನ್ನ ಬಾಯಿಗೆ ಹೆದರಿಕೆ. ಚೀಟಿಗೂ ಅವರಿಗೂ ಏನು ಸಂಬಂಧ? ಬಾಯಿಗೆ ಬಂದಂತೆ ಬೈದೆ. ಅತ್ತೆ ತಲೆ ಎತ್ತಲಿಲ್ಲ. "ಈ ನೀಲಿ ಕಾರ್ಡಿನ ಹೆಣ್ಣಿನ ಕಡೇದು ಸಿಗವಲ್ದು, ನೋಡೇ ಸ್ವಲ್ಪ" ಎಂದು ನನ್ನ ಗೆಳತಿಗೇ ಹೇಳಿದಳು. ಗೆಳತಿ ಗೋಡೆಗೊರಗಿ ಕೂತುಬಿಟ್ಟಳು.

ಭೂಗೋಳವೋ ಗಣಿತವೋ ಎಂಬುದು ಚೀಟಿ ಓದಿದರೆ ತಿಳಿಯುತ್ತದೆ. ಆದರೆ ಯಾವುದು ಬಂದಿತ್ತು, ಯಾವುದು ಬಂದಿರಲಿಲ್ಲ? ಅದನ್ನು ಹೇಳುತ್ತಿದ್ದದ್ದು ಡಬ್ಬ ಮಾತ್ರ. ಪಿ.ಜೆ. ಬಡಾವಣೆಯಲ್ಲಿ ಪಾಠ ಹೇಳುತ್ತಿದ್ದ ಮೇಷ್ಟ್ರೊಬ್ಬರನ್ನು ಓಡಿಹೋಗಿ ಕೇಳಿದೆ. ಅವರು ಕನ್ನಡಕ ಒರೆಸಿಕೊಂಡು, "ಮೊದಲಿಂದ ಎಲ್ಲಾ ಓದಿಬಿಡ್ರಿ, ಓದಿದ್ದು ಎಲ್ಲಿಗೂ ಹೋಗಲ್ಲ" ಎಂದರು. ಎಂಥ ಮಹಾಜ್ಞಾನ! ಮೂರು ವಾರದಲ್ಲಿ ಅಷ್ಟನ್ನೂ ಮೊದಲಿಂದ ಓದುವುದಾಗಿದ್ದರೆ ಅವರ ಮನೆ ಬಾಗಿಲಿಗೆ ನಾನೇಕೆ ಹೋಗುತ್ತಿದ್ದೆ?

ವಾಪಸು ಬಂದಾಗ ಗೆಳತಿ ದಾರ ಬಿಚ್ಚುತ್ತಿದ್ದಳು. ಪ್ರಶ್ನೆ ಓದುತ್ತಿರಲಿಲ್ಲ, ಚೀಟಿಯ ಕೆಳಭಾಗ ಮಾತ್ರ ನೋಡುತ್ತಿದ್ದಳು. "ಇಲ್ಲಿ ನೋಡು" ಎಂದು ಒಂದನ್ನು ಕೊಟ್ಟಳು. ಉತ್ತರದ ಮೇಲೆ ನೀಲಿ ಮಸಿ ಮೆತ್ತಿತ್ತು. ಅವಳ ಬೆರಳಿಗೆ ಟೈಪಿಂಗ್ ಅಂಗಡಿಯ ಕಾರ್ಬನ್ ಹಾಳೆಯ ಬಣ್ಣ ಯಾವಾಗಲೂ ಹತ್ತಿರುತ್ತಿತ್ತು, ಎಷ್ಟು ತೊಳೆದರೂ ಹೋಗುತ್ತಿರಲಿಲ್ಲ. ಮತ್ತೆ ಮತ್ತೆ ಹೆಬ್ಬೆರಳಿಟ್ಟು ಮುಚ್ಚಿದ ಚೀಟಿಗಳಲ್ಲಿ ಉತ್ತರವೇ ಮಸುಕಾಗಿತ್ತು. ಬೇಗ ಬಂದ ಚೀಟಿಗಳು ಪ್ರೆಸ್ಸಿನಿಂದ ಈಗ ತಂದಂತೆ ಬೆಳ್ಳಗಿದ್ದವು. ಕಡುನೀಲಿ, ತಿಳಿನೀಲಿ, ಬಿಳಿ ಎಂದು ಮೂರು ಗುಂಪು ಮಾಡುತ್ತಾ ಹೋದೆವು. ಸಂಜೆಯ ಬಸ್ಸಿನ ಹೊತ್ತಿಗೆ ಡಬ್ಬಗಳು ತುಂಬಿದವು. ಪರೀಕ್ಷಿಸಲೆಂದು ಬಿಳಿ ಗುಂಪಿನಿಂದ ಒಂದಷ್ಟು ಕೇಳಿದೆ, ಪಟಪಟನೆ ಹೇಳಿದಳು. ಕಡುನೀಲಿಯಿಂದ ಅವಳು ಕೇಳಿದಳು. ನಾನು ಬಾಯಿ ಬಿಟ್ಟುಕೊಂಡು ಕೂತೆ. ಎಲ್ಲ ಸರಿಯಾಗಿಯೇ ಕೂಡಿತ್ತು. ಅತ್ತೆ ಮಾತ್ರ ಬಿಚ್ಚಿದ ದಾರಗಳನ್ನು ಆರಿಸಿ ಸೆರಗಿನಲ್ಲಿ ಕಟ್ಟಿಕೊಂಡು ನನ್ನ ಜೊತೆ ವಾರಗಟ್ಟಲೆ ಮಾತು ಬಿಟ್ಟಳು. ನನಗೂ ಅದೇ ಬೇಕಿತ್ತು.

ಗೆಳತಿ ಪಾಸಾದಳು. ಸಂದರ್ಶನವೂ ಆಗಿ ನೇಮಕದ ಆದೇಶ ಬಂತು. ನಾನು ಗಣಿತದಲ್ಲಿ ಮುಗ್ಗರಿಸಿದ್ದೆ, ಅದು ಬೇರೆ ಮಾತು. ಅವಳು ಪೇಡೆ ಹಿಡಿದು ಮನೆಗೆ ಬಂದವಳು ನನ್ನನ್ನು ಮಾತಾಡಿಸುವ ಮೊದಲೇ ಅಡುಗೆಮನೆಗೆ ಹೋಗಿ ಅತ್ತೆಯ ಕಾಲಿಗೆ ಬಿದ್ದಳು! ಅತ್ತೆ ಅವಳ ತಲೆ ಸವರಿ, "ನಾ ಅವತ್ತು ಜೋಡಿ ಕೂಡಿಸಿದ್ದಕ್ಕೇ ಇದು" ಎಂದು ಓಣಿಗೆಲ್ಲ ಕೇಳುವ ಹಾಗೆ ಹೇಳಿದಳು. ನನಗೆ ಮೈಯೆಲ್ಲ ಉರಿದುಹೋಯಿತು.

ಬಸ್ ನಿಲ್ದಾಣದವರೆಗೂ ತಡೆದುಕೊಂಡು, ಅಲ್ಲಿ ಕೇಳಿಯೇಬಿಟ್ಟೆ. "ಆಕಿ ಮಾಡಿದ್ದು ಬರೀ ಹಾಳು. ಅಂಥಾಕಿ ಕಾಲಿಗೆ ಯಾಕ ಬಿದ್ದಿ? ನಿನಗೇನ್ ಬುದ್ಧಿ ಐತೋ ಇಲ್ಲೋ?"

"ಕೆಲಸ ಸಿಕ್ತು ಅಂತ ಬೀಳ್ಲಿಲ್ಲ" ಎಂದಳು. "ಅವತ್ತು 'ನಿಮಗಿಬ್ರಿಗೂ' ಅಂದ್ರಲ್ಲ, ನನ್ನ ಲಗ್ನದ ಚಿಂತಿ ಮಾಡ್ದೋರು ಅವರೊಬ್ರೇ. ನಮ್ಮನ್ಯಾಗ ಆ ಮಾತು ತೆಗೆದು ಎಷ್ಟೋ ವರ್ಷ ಆತು. ನಮ್ಮವ್ವ ಸೈತ ತೆಗೆಯಲ್ಲ. ನಾನು ಹೋದ್ರೆ ಮನೆ ಯಾರು ನಡೆಸ್ಬೇಕು?"

ಏನಾದರೂ ಹೇಳಬೇಕಲ್ಲ ಎಂದು, "ಅಯ್ಯೋ, ಬಿಡು. ಈಗ ಬ್ಯಾಂಕ್ ಕೆಲಸ ಆತಲ್ಲ, ವರ ತಾವಾಗೇ ಹುಡ್ಕ್ಯಂಡು ಬರ್ತಾವೆ" ಎಂದೆ.

ಹರಿಹರದ ಬಸ್ಸು ಬಂದು ನಿಂತಿತು. ಜನ ನುಗ್ಗುತ್ತಿದ್ದರು. ಅವಳು ಪೇಡೆಯ ಖಾಲಿ ಡಬ್ಬವನ್ನು ಚೀಲಕ್ಕೆ ಹಾಕಿಕೊಂಡಳು.

"ಟೈಪಿಂಗ್ ಪಗಾರಕ್ಕೇ ನಮ್ಮನ್ಯಾಗ ನನ್ನ ಬಿಡ್ಲಿಲ್ಲ" ಎಂದಳು. "ಇನ್ನ ಬ್ಯಾಂಕಿನ ಪಗಾರಕ್ಕೆ ಬಿಡ್ತಾರೇನು?"